ಹವಾನಾದ ಓಪನ್ ಕಾರು: ರಿಪೇರಿಯೋ, ಮಾರಾಟವೋ?

ಕ್ಯೂಬಾದ ರಾಜಧಾನಿ ಹವಾನಾದಲ್ಲಿ ಇಳಿದ ಪ್ರವಾಸಿ ಮೊದಲು ಕ್ಯಾಮೆರಾ ಎತ್ತುವುದು ಕೋಟೆಗಲ್ಲ, ಚರ್ಚಿಗಲ್ಲ, ಕಾರಿಗೆ. ಅದೂ ಎಂಥ ಕಾರು! ಅಜ್ಜನ ಕಾಲದ ಷೆವ್ರೊಲೆ, ಬ್ಯುಯಿಕ್, ಪಾಂಟಿಯಾಕ್. ಗುಲಾಬಿ, ತಿಳಿಹಸಿರು, ಆಕಾಶನೀಲಿ ಬಣ್ಣ ಬಳಿದುಕೊಂಡು, ಟಾಪು ತೆಗೆದುಕೊಂಡು, ಮದುವೆ ಮೆರವಣಿಗೆಗೆ ಹೊರಟಂತೆ ಸೆಂಟ್ರಲ್ ಪಾರ್ಕಿನ ಬದಿಯಲ್ಲಿ ಸಾಲಾಗಿ ನಿಂತವು. ಅಲ್ಲಿಂದ ಹೊರಟರೆ 1929ರಲ್ಲಿ ಕಟ್ಟಿ ಮುಗಿಸಿದ ಕ್ಯಾಪಿಟಲ್ ಭವನ, ಮಲೆಕಾನ್ ಎಂಬ ಸಮುದ್ರದಂಚಿನ ಎಂಟು ಕಿಲೋಮೀಟರ್ ರಸ್ತೆ, ಚೆ ಗೆವಾರನ ಮುಖವನ್ನು ಗೋಡೆಯ ಮೇಲೆ ಹೊತ್ತ ಸರ್ಕಾರಿ ಕಟ್ಟಡವಿರುವ ಕ್ರಾಂತಿ ಚೌಕ. ಒಂದು ಗಂಟೆಯ ಸುತ್ತು.

ಈ ಕಾರುಗಳು ಇಲ್ಲೇ ಉಳಿದದ್ದಕ್ಕೆ ಕಾರಣ ವ್ಯಾಮೋಹವಲ್ಲ, ರಾಜಕೀಯ. 1959ರ ಜನವರಿಯಲ್ಲಿ ಫಿಡೆಲ್ ಕ್ಯಾಸ್ಟ್ರೋ ಹವಾನಾ ಪ್ರವೇಶಿಸಿದರು. 1960ರಲ್ಲಿ ಅಮೆರಿಕದ ವ್ಯಾಪಾರ ನಿರ್ಬಂಧ ಶುರುವಾಗಿ, 1962ರ ಫೆಬ್ರವರಿಗೆ ಬಾಗಿಲು ಪೂರ್ತಿ ಮುಚ್ಚಿತು. ಹೊಸ ಅಮೆರಿಕನ್ ಕಾರೂ ಬರಲಿಲ್ಲ, ಹಳೆಯದಕ್ಕೆ ಬಿಡಿಭಾಗವೂ ಬರಲಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು: 2011ರವರೆಗೆ ಸಾಮಾನ್ಯ ನಾಗರಿಕ ಮುಕ್ತವಾಗಿ ಕೊಂಡು ಮಾರಬಹುದಾಗಿದ್ದುದು ಕ್ರಾಂತಿಗೆ ಮುಂಚಿನ ಕಾರುಗಳನ್ನು ಮಾತ್ರ. ಹಾಗಾಗಿ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಜಮೀನಿನಂತೆ ಕಾರೂ ಇಳಿದುಬಂತು. ದೇಶದಲ್ಲಿ ಇಂಥವು ಸುಮಾರು 60 ಸಾವಿರ ಎಂಬುದು ಬಳಕೆಯಲ್ಲಿರುವ ಅಂದಾಜು. ಬಾದಾಮಿಯಂತೆ ದುಂಡಗಿರುವ ಇವಕ್ಕೆ ಜನ ಇಟ್ಟ ಹೆಸರು 'ಅಲ್ಮೆಂದ್ರೋನ್', ಅಂದರೆ ದೊಡ್ಡ ಬಾದಾಮಿ.

ಹೊರಗಿನ ಥಳಕು ನೋಡಿ ಮೋಸ ಹೋಗಬಾರದು. ಬಾನೆಟ್ ಎತ್ತಿದರೆ ಎಷ್ಟೋ ಕಾರಿನಲ್ಲಿ ಕಾಣುವುದು ಜಪಾನಿನ ಇಲ್ಲವೆ ಕೊರಿಯಾದ ಡೀಸೆಲ್ ಎಂಜಿನ್. ಸುತ್ತ ರಷ್ಯದ ಲಾಡಾ, ವೋಲ್ಗಾಗಳಿಂದ ಕಿತ್ತು ತಂದ ಭಾಗಗಳು. ಉಳಿದದ್ದು ಲೇತಿನಲ್ಲಿ ಕಡೆದದ್ದು. ಇನ್ನೂ ಒಂದು ಗುಟ್ಟಿದೆ. ಸಾಲಿನಲ್ಲಿ ನಿಂತ ಓಪನ್ ಕಾರುಗಳಲ್ಲಿ ಅನೇಕವು ಕಾರ್ಖಾನೆಯಿಂದ ಹಾಗೆ ಬಂದವಲ್ಲ. ಪ್ರವಾಸಿಗೆ ಗಾಳಿ ಬೇಕು, ಫೋಟೋ ಬೇಕು. ಟಾಪಿಲ್ಲದ ಕಾರಿಗೆ ಬಾಡಿಗೆ ಜಾಸ್ತಿ. ಹಾಗಾಗಿ ಗಟ್ಟಿಮುಟ್ಟಾದ ಕಾರಿನ ತಲೆಯನ್ನೇ ಗರಗಸದಲ್ಲಿ ಕೊಯ್ದುಬಿಟ್ಟರು.

ಜೀಪಿನ ಟಾಪು ಬಿಚ್ಚಿದಷ್ಟು ಸಲೀಸಲ್ಲ ಇದು. ಮಕ್ಕಳು ಮನೆಯಲ್ಲೇ ಪರೀಕ್ಷಿಸಬಹುದು: ಒಂದು ರಟ್ಟಿನ ಡಬ್ಬಿಯ ಮುಚ್ಚಳವನ್ನು ಸುತ್ತ ಅಂಟಿಸಿ, ಎರಡು ತುದಿ ಹಿಡಿದು ತಿರುಚಿ ನೋಡಿ, ಆಮೇಲೆ ಮುಚ್ಚಳ ಕತ್ತರಿಸಿ ತೆಗೆದು ತಿರುಚಿ. ಕಾರಿನ ಮೈಯೂ ಹಾಗೆಯೇ. ಮೇಲಿನ ಟಾಪು ಬರೀ ಮಳೆ ತಡೆಯಲು ಇರುವುದಲ್ಲ, ಮೈಯನ್ನು ಬಿಗಿಯಾಗಿ ಹಿಡಿಯಲೂ ಬೇಕು. 1955ರಿಂದ 57ರವರೆಗಿನ ಷೆವ್ರೊಲೆಯ ಮಡಚುವ ಟಾಪಿನ ಮಾದರಿಗೆ ಕಾರ್ಖಾನೆಯವರು ಚಾಸಿಯ ನಡುವೆ ಗುಣಾಕಾರ ಚಿಹ್ನೆಯಂಥ ದಪ್ಪ ಉಕ್ಕಿನ ಅಡ್ಡಪಟ್ಟಿ ಕೂಡಿಸುತ್ತಿದ್ದರು. ಗರಗಸದ ಕಾರಿಗೆ ಅದೆಲ್ಲಿ? ಮನೆಯ ಮೇಸ್ತ್ರಿ ಒಂದಿಷ್ಟು ಕಬ್ಬಿಣ ವೆಲ್ಡ್ ಮಾಡಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಬಂತು. ಸಮುದ್ರ ಮಲೆಕಾನ್ ಗೋಡೆ ಹಾರಿ ಬೀದಿಗಳಿಗೆ ನುಗ್ಗಿತು. ಕೆಲವೆಡೆ ಸೊಂಟದ ಮಟ್ಟ ನೀರು. ಅಂಥ ಬೀದಿಯಲ್ಲಿ ನಿಂತಿದ್ದ ಒಂದು 1955ರ ಷೆವ್ರೊಲೆಯನ್ನು ಊಹಿಸಿಕೊಳ್ಳಿ. ಮಳೆನೀರಾದರೆ ಒಣಗಿಸಿದರಾಯಿತು. ಉಪ್ಪುನೀರು ಹಾಗಲ್ಲ. ಬಾಗಿಲ ಕೆಳಗಿನ ಟೊಳ್ಳು ಪಟ್ಟಿಯೊಳಗೆ, ವೈರಿನ ತುದಿಗಳಲ್ಲಿ, ಚಕ್ರದ ಬೇರಿಂಗಿನಲ್ಲಿ ಸೇರಿ ಒಳಗಿಂದ ತಿನ್ನುತ್ತದೆ. ಮೇಲೆ ಪುಟ್ಟಿ ಹಚ್ಚಿ ಗುಲಾಬಿ ಬಣ್ಣ ಹೊಡೆದರೆ ಆರು ತಿಂಗಳು ಯಾರಿಗೂ ಕಾಣದು. ಹಾಗೆ ಮಾಡಿ ಮಾರಿದವರು ಇರಲೇಬೇಕು, ಹವಾನಾದವರೇನು ದೇವತೆಗಳಲ್ಲ.

ರಿಪೇರಿಯೋ, ಮಾರಾಟವೋ? ಬೇರೆ ದೇಶವಾಗಿದ್ದರೆ ಲೆಕ್ಕ ಸುಲಭ: ರಿಪೇರಿಯ ಖರ್ಚು ಕಾರಿನ ಬೆಲೆಗಿಂತ ಹೆಚ್ಚಾದರೆ ಗುಜರಿ. ಹವಾನಾದಲ್ಲಿ ಕಾರೆಂದರೆ ಸಂಬಳ. 2014ರಲ್ಲಿ ಏರಿಸಿದ ಮೇಲೂ ಅಲ್ಲಿ ಬಹಳ ಓದಿದ ತಜ್ಞ ವೈದ್ಯರಿಗೆ ಸಿಕ್ಕಿದ್ದು ತಿಂಗಳಿಗೆ 70 ಡಾಲರಿಗಿಂತ ಕಡಿಮೆ. ಓಪನ್ ಕಾರಿನ ಒಂದು ಗಂಟೆಯ ಸುತ್ತಿಗೆ ಪ್ರವಾಸಿ ಕೊಡುತ್ತಿದ್ದುದು 30ರಿಂದ 50 ಡಾಲರ್! ವೈದ್ಯರ ತಿಂಗಳ ಸಂಬಳ ಒಂದೆರಡು ಸುತ್ತಿಗೆ ಸಮ. ಓದಿನ ವೃತ್ತಿ ಬಿಟ್ಟು ಸ್ಟೀರಿಂಗ್ ಹಿಡಿದವರು ಕಡಿಮೆಯಿಲ್ಲ. ಮಗನಿಗೆ ಪುಸ್ತಕ ಕೊಡಿಸುವುದೋ ಸ್ಪಾನರ್ ಕೊಡಿಸುವುದೋ ಎಂದು ಅಲ್ಲಿನ ತಂದೆ ತಾಯಿ ತಲೆ ಕೆಡಿಸಿಕೊಂಡರೆ ತಪ್ಪು ಹೇಳುವಂತಿಲ್ಲ.

ಮಾರಿದರೆ ಮತ್ತೊಂದು ತೊಡಕು. ಕಿತ್ತುಹೋದ ಎಂಜಿನ್, ಕೊಯ್ದ ಟಾಪು, ಊರೆಲ್ಲದರ ಬಿಡಿಭಾಗ. ಹೊರದೇಶದ ಸಂಗ್ರಾಹಕನ ಕಣ್ಣಿಗೆ ಇದಕ್ಕೆ ಮೂಲರೂಪವೇ ಇಲ್ಲ. ಕೊಳ್ಳುವವನೂ ದ್ವೀಪದೊಳಗಿನವನೇ, ಟ್ಯಾಕ್ಸಿ ಓಡಿಸುವವನೇ. ಮಾರಿ ಬಂದ ಹಣದಲ್ಲಿ ಬೇರೆ ಕಾರು ತರೋಣವೆಂದರೆ? 2014ರ ಜನವರಿಯಲ್ಲಿ ಸರ್ಕಾರಿ ಮಳಿಗೆಗಳು ಪರವಾನಗಿಯಿಲ್ಲದೆ ಮಾರತೊಡಗಿದಾಗ ಒಂದು ಹೊಸ ಪ್ಯೂಜೋ 508ರ ಮೇಲೆ ಇದ್ದ ಚೀಟಿ 2 ಲಕ್ಷ 62 ಸಾವಿರ ಡಾಲರ್. ಜನ ಬೆಲೆ ಓದಿ ಮನೆಗೆ ನಡೆದರು.

ಆದ್ದರಿಂದ 2017ರಲ್ಲಿ ಉತ್ತರ ಒಂದೇ ಇತ್ತು: ಬಿಚ್ಚು, ತೊಳೆ, ವೆಲ್ಡ್ ಮಾಡು. ಒಬಾಮಾ 2016ರ ಮಾರ್ಚಿನಲ್ಲಿ ಬಂದು ಹೋದ ಮೇಲೆ ಅಮೆರಿಕದ ಪ್ರವಾಸಿಗಳು ಹಡಗು ಹಡಗೇ ಇಳಿಯುತ್ತಿದ್ದ ಕಾಲ ಅದು.

ಲೆಕ್ಕ ತಲೆಕೆಳಗಾದದ್ದು ಆಮೇಲೆ. 2019ರ ಜೂನ್‌ನಲ್ಲಿ ಅಮೆರಿಕ ಪ್ರವಾಸಿ ಹಡಗುಗಳನ್ನು ತಡೆಯಿತು. 2020ರಲ್ಲಿ ಕೊರೊನಾ. 2024ರ ಮಾರ್ಚ್ 1ರಿಂದ ಸಾಧಾರಣ ಪೆಟ್ರೋಲು ಲೀಟರಿಗೆ 25 ಪೆಸೊದಿಂದ 132ಕ್ಕೆ ಹಾರಿತು. ಅದೇ ಅಕ್ಟೋಬರಿನಲ್ಲಿ ಇಡೀ ದೇಶದ ವಿದ್ಯುತ್ ಜಾಲ ಕುಸಿದು ಊರುಗಳು ಕತ್ತಲಲ್ಲಿ ಕುಳಿತವು. ಕರೆಂಟಿಲ್ಲದೆ ವೆಲ್ಡಿಂಗ್ ಎಲ್ಲಿಂದ ಬರಬೇಕು? 2021ರ ನವೆಂಬರಿನಲ್ಲಿ ನಿಕರಾಗುವಾ ಕ್ಯೂಬನ್ನರಿಗೆ ವೀಸಾ ಬೇಡವೆಂದಿತು. ಮನೆ, ಕಾರು, ಫ್ರಿಜ್ಜು ಮಾರಿ ವಿಮಾನದ ಟಿಕೆಟು ಕೊಂಡು, ಅಲ್ಲಿಂದ ನೆಲದ ದಾರಿ ಹಿಡಿದು ಅಮೆರಿಕದ ಗಡಿಗೆ ಹೊರಟವರು ಲಕ್ಷಗಟ್ಟಲೆ. ಕಾರು ಮಾರುವುದೆಂದರೆ ಎಷ್ಟೋ ಮನೆಗಳಲ್ಲಿ ಊರು ಬಿಡುವುದು ಎಂದೇ ಅರ್ಥವಾಯಿತು. ಅಜ್ಜ ಕೊಂಡಿದ್ದ ಕಾರು, ಮೊಮ್ಮಗನ ಟಿಕೆಟು.

ಕೊಳ್ಳಲು ಬರುವವನೂ ಈಗ ಹುಷಾರು. ಹೊಳಪು ನೋಡುವುದಿಲ್ಲ. ಕಾರಿನ ಒಂದು ಮೂಲೆಗೆ ಜ್ಯಾಕ್ ಕೊಟ್ಟು ಎತ್ತಿಸಿ, ಬಾಗಿಲು ತೆಗೆದು ಹಾಕಿ ನೋಡುತ್ತಾನೆ. ಮೈ ಬಾಗಿದ್ದರೆ ಬಾಗಿಲು ಚೌಕಟ್ಟಿಗೆ ತಗುಲಿ ನಿಲ್ಲುತ್ತದೆ. ಬಾಗಿಲು ಸರಿಯಾಗಿ ಕೂತು 'ಟಕ್' ಎಂದರೆ, ಬೆಲೆಯ ಮಾತು ಶುರು.