ಸಿಡಿಯಲ್ಲಿ ಬಂದ ಹೃದಯ

ಶಾಲೆಗೆ ಫೈಬರ್ ಬಂದ ಖುಷಿಯಲ್ಲಿ ಮೊಮ್ಮಗಳು ಕೇಳಿದಳು: "ಅಜ್ಜಾ, ನೆಟ್ ಇಲ್ಲದಾಗ ಸಾಲ್ಯಾಗ ಹೆಂಗ ಕಲಿಸ್ತಿದ್ರಿ?" ನಾನು ಕಲಿಸಿದ್ದು ಬಿಡಿ, ನಮ್ಮ ವಿಜ್ಞಾನದ ಮಾಸ್ತರರು ಕಲಿಸಿದ್ದನ್ನು ಹೇಳಬೇಕು.

ಮಾಹಿತಿ ಸಿಂಧು ಯೋಜನೆಯಲ್ಲಿ ಹೈಸ್ಕೂಲುಗಳಿಗೆ ಕಂಪ್ಯೂಟರ್ ಬರತೊಡಗಿದ್ದ ಕಾಲ. ನಮ್ಮ ಶಾಲೆಯಿದ್ದ ಮಾಸೂರಿನಲ್ಲಿ ಫೋನಿನ ತಂತಿಯಿಂದ ನೆಟ್ ಹಿಡಿಯಬೇಕು. ಮಳೆ ಹನಿದರೆ ಅದೂ ಇಲ್ಲ. ಮಾಸ್ತರರು ಹಿರೇಕೆರೂರಿನ ಸೈಬರ್ ಸೆಂಟರಿಗೆ ಹೋಗುತ್ತಿದ್ದರು. "ಡೌನ್‌ಲೋಡ್ ಆಗೂತನಾ ಸುಮ್ಮನ ಕುಂತಿರ್ತೀನಪ್ಪಾ, ಅರ್ಧಾ ತಾಸಿನ ರೊಕ್ಕ ತಗೋ" ಎಂದು ಪ್ರತಿ ಸಲ ಚೌಕಾಸಿ. ಕೊನೆಗೆ ಮಾಲೀಕ, "ರೊಕ್ಕ ಬ್ಯಾಡ್ರಿ ಸರ, ನನ್ನ ಮಗಗ ಗಣಿತ ಹೇಳಿಕೊಡ್ರಿ" ಎಂದ. ವ್ಯವಹಾರ ಕುದುರಿತು.

ಹೀಗೆ ಸಿಡಿಯಲ್ಲಿ ಬಂದ ಹೃದಯದ ಪುಟ್ಟ ವಿಡಿಯೊ ತೋರಿಸುವ ಮೊದಲು ಮಕ್ಕಳೆಲ್ಲ ಚಿತ್ರ ಬರೆದು, ರಕ್ತ ಹರಿಯುವ ದಾರಿಗೆ ಬಾಣ ಹಾಕಬೇಕು. ಆಮೇಲೆ ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ಕೋಣೆಗೆ. ಕಾದ ಪ್ಲಾಸ್ಟಿಕ್ಕು, ಹೊದಿಕೆ ಬಟ್ಟೆಯ ಧೂಳು, ಬೆವರು ಸೇರಿದ ಆ ವಾಸನೆ ಇನ್ನೂ ಮೂಗಿನಲ್ಲಿದೆ. ಕವಾಟ ತೆರೆದುಕೊಂಡ ಕ್ಷಣಕ್ಕೆ ವಿಡಿಯೊ ನಿಲ್ಲಿಸಿ ಕೇಳುವರು: "ಮದಗದ ಕೆರಿ ತೂಬು ನೋಡೀರಲ್ಲಾ? ಇದೂ ಹಂಗ. ತೆಗದದ್ದು ಮುಚ್ಚಲಿಲ್ಲ ಅಂದ್ರ?" ಹಿಂದೆ ನಿಂತ ಹುಡುಗಿಯೊಬ್ಬಳು, "ರಕ್ತ ಹೊಳ್ಳಿ ಬರತೈತ್ರಿ" ಎಂದಳು. ಯಾರೂ ಹೇಳಿಕೊಟ್ಟದ್ದಲ್ಲ ಅದು.

ಅದೇ ಚಂದದ ಕಾಲ ಎಂದರೆ ಸುಳ್ಳಾದೀತು. ಅಂಥ ಮಾಸ್ತರರು ಸಿಗದ ಮಕ್ಕಳಿಗೆ ಪುಸ್ತಕದ ಮಸುಕು ಚಿತ್ರವೇ ಗತಿಯಾಗಿತ್ತು. 2020ರಲ್ಲಿ ಶಾಲೆ ಮುಚ್ಚಿ, ಚಂದನ ವಾಹಿನಿಯ ಪಾಠ, ವಠಾರದಲ್ಲಿ ಕಲಿಸುವ ವಿದ್ಯಾಗಮ ಎಂದು ಪರದಾಡಿದಾಗ ಮೊಬೈಲಿಲ್ಲದ ಮನೆಯ ಮಕ್ಕಳು ಹಿಂದೆ ಬಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ನೆಟ್ ಬೇಕೇ ಬೇಕು.

ಆದರೆ ವೇಗದ ನೆಟ್ ಬಂದರೆ ಕಲಿಕೆ ತಾನಾಗಿ ಬರುತ್ತದೆಂಬ ಮಾತು ನನಗೆ ಸಿಟ್ಟು ತರಿಸುತ್ತದೆ. ಪೋರ್ಚುಗಲ್ಲಿನ ಶಾಲೆಗಳಲ್ಲಿ 2005ರಿಂದ 2009ರವರೆಗಿನ ಲೆಕ್ಕ ನೋಡಿದ ಸಂಶೋಧಕರಿಗೆ, ಬ್ರಾಡ್‌ಬ್ಯಾಂಡ್ ಬಳಕೆ ಹೆಚ್ಚಿದಲ್ಲಿ ಒಂಬತ್ತನೇ ತರಗತಿಯ ಅಂಕ ಇಳಿದದ್ದು ಕಂಡಿತು. ಯೂಟ್ಯೂಬಿಗೆ ತಡೆಯಿಲ್ಲದ ಶಾಲೆಗಳಲ್ಲಿ ಇಳಿಕೆ ಇನ್ನೂ ಹೆಚ್ಚು. ನಮ್ಮಲ್ಲಿ ನೆಟ್ಟನ್ನು ಕಾವಲಿಗೂ ಹಚ್ಚಿದರು: 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನಕಲು ತಡೆಯಲು ವೆಬ್‌ಕಾಸ್ಟಿಂಗ್ ತಂದರು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಬಿತ್ತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಪರೀಕ್ಷೆಯ ಕೋಣೆ ಕಾಯಲು ಇಷ್ಟು ಬೇಗ ನೆಟ್ ಒದಗಿಸಿದವರು, ವರ್ಷವಿಡೀ ಪಾಠ ಹೇಳುವ ವಿಜ್ಞಾನ ಶಿಕ್ಷಕರ ಖಾಲಿ ಹುದ್ದೆಗಳನ್ನು ಯಾಕೆ ತುಂಬುತ್ತಿಲ್ಲ?