ಅನಾನಸ್ಸಿಗೆ ಸಾಸಿವೆ

ಗ್ರೀಸಿನಲ್ಲಿ ಕಲ್ಲಂಗಡಿ ಹಣ್ಣಿನ ಜೊತೆ ಉಪ್ಪುಪ್ಪಾದ ಫೆಟಾ ಚೀಸ್ ತಿಂತಾರೆ ಅಂತ ಗೆಳೆಯರೊಬ್ಬರು ಬೆರಗಿನಿಂದ ಹೇಳ್ತಿದ್ರು. ಅವರನ್ನ ಸೊರಬದ ಕಡೆಯ ಹವ್ಯಕರ ಮನೆಯಲ್ಲಿ ಬಾಳೆಲೆ ಮುಂದೆ ಕೂರಿಸಬೇಕು! ಅನಾನಸ್ ಹೋಳಿಗೆ ಉಪ್ಪು, ಬೆಲ್ಲ. ಮೇಲಿಂದ ಹಸಿ ತೆಂಗಿನಕಾಯಿ, ಸಾಸಿವೆ, ಮೆಣಸು ರುಬ್ಬಿ ಮೊಸರಲ್ಲಿ ಕಲಸಿದರೆ ಸಾಸ್ಮೆ. ಒಲೆಯ ಹಂಗಿಲ್ಲ. ಮೊದಲು ಸಿಹಿ, ಹಿಂದೆಯೇ ಹುಳಿ, ಆಮೇಲೆ ಸಾಸಿವೆ ಘಾಟು ಸೀದಾ ಮೂಗಿಗೆ. ಕಲಸಿದ್ದನ್ನು ಹೊತ್ತುಗಟ್ಟಲೆ ಇಡಬಾರದು. ಹಸಿ ಅನಾನಸ್ಸಿನಲ್ಲಿರೋ ಬ್ರೊಮೆಲೈನ್ ಎಂಬ ಕಿಣ್ವ ಮೊಸರನ್ನ ಕಹಿ ಮಾಡುತ್ತೆ. ಅದೇ ಹಣ್ಣಿಗೆ ಹುರಿದ ಎಳ್ಳು ಬಿದ್ದು ಮೆಣಸ್ಕಾಯಿ ಅನ್ನೋ ಗೊಜ್ಜಾದರೆ ರುಚಿಯೇ ಬೇರೆ. ಶಿಕಾರಿಪುರದಿಂದ ಬಂದ ನಮ್ಮ ನೆಂಟರೊಬ್ಬರು “ಅನ್ನಕ್ಕೆ ಹಣ್ಣೇನ್ರೀ?” ಅಂದವರು ಎರಡನೇ ಸಲ ಬಡಿಸಿಕೊಂಡರು. ನನ್ನ ಮತ ಮಾತ್ರ ಕಾಟುಮಾವಿನ ಹಣ್ಣಿನ ಸಾಸ್ಮೆಗೇ, ಗೊರಟು ಸಮೇತ.