ನ್ಯೂಯಾರ್ಕಿನ ಕೈಕಸಬಿನ ಪ್ರದರ್ಶನ

ನ್ಯೂಯಾರ್ಕ್ ನಗರವೆಂದೊಡನೆ ನಮ್ಮ ಜನರ ಕಣ್ಣಿಗೆ ಕಟ್ಟುವುದು ಮುಗಿಲನ್ನು ಮುಟ್ಟುವ ಸೌಧಗಳು, ನೆಲದೊಳಗೆ ಓಡುವ ರೈಲುಬಂಡಿಗಳು, ಹಗಲಿರುಳೆನ್ನದೆ ಹರಿಯುವ ಜನಪ್ರವಾಹ. ಯಂತ್ರಗಳ ರಾಜಧಾನಿಯಂತಿರುವ ಅಂತಹ ಊರಿನಲ್ಲಿ ಮನುಷ್ಯನ ಕೈಕೆಲಸಕ್ಕಾಗಿಯೇ ಮೀಸಲಾದ ವಸ್ತುಸಂಗ್ರಹಾಲಯವೊಂದು ಉಂಟೆಂದರೆ ಹಲವರು ಆಶ್ಚರ್ಯಪಡುವರು. 2011ನೆಯ ಇಸವಿಯ ಶರತ್ಕಾಲದಲ್ಲಿ ಆ ನಗರದಲ್ಲಿ ಕೆಲವು ದಿನ ತಂಗಿದ್ದಾಗ ಅದನ್ನು ನೋಡುವ ಅವಕಾಶವು ನಮಗೆ ಒದಗಿತು.

ಸೆಂಟ್ರಲ್ ಪಾರ್ಕ್ ಎಂಬ ವಿಶಾಲವಾದ ಉದ್ಯಾನದ ನೈಋತ್ಯ ಮೂಲೆಯಲ್ಲಿ ಕೊಲಂಬಸ್ ಸರ್ಕಲ್ ಎಂಬ ವೃತ್ತವಿದೆ. ಅದರ ನಡುವೆ ಎತ್ತರವಾದ ಕಂಬದ ಮೇಲೆ ಕೊಲಂಬಸನ ಪ್ರತಿಮೆ ನಿಂತಿದೆ. ವೃತ್ತದ ದಕ್ಷಿಣಕ್ಕಿರುವ ಕಟ್ಟಡವೇ ಕಲೆ ಮತ್ತು ವಿನ್ಯಾಸಗಳ ಸಂಗ್ರಹಾಲಯ. 1964ರಲ್ಲಿ ಮುಗಿದ ಈ ಕಟ್ಟಡಕ್ಕೆ 2008ರಲ್ಲಿ ಹೊಸ ರೂಪವನ್ನು ಕೊಟ್ಟಿದ್ದಾರೆ. ಹಳೆಯ ಅಮೃತಶಿಲೆಯ ಹೊದಿಕೆಯನ್ನು ತೆಗೆದು, ಹೊಳಪು ಲೇಪಿಸಿದ ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಕೂರಿಸಿರುವುದರಿಂದ, ಬೆಳಕು ಬದಲಾದಂತೆಲ್ಲ ಗೋಡೆಯ ಬಣ್ಣವೂ ಬದಲಾಗುವಂತೆ ತೋರುತ್ತದೆ.

ಈ ಸಂಸ್ಥೆಯನ್ನು 1956ರಲ್ಲಿ ಸ್ಥಾಪಿಸಿದವರು ಐಲೀನ್ ಓಸ್ಬಾರ್ನ್ ವೆಬ್ ಎಂಬ ಮಹಿಳೆ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ತಮ್ಮ ನೆರೆಹೊರೆಯ ಹಳ್ಳಿಯ ಜನರು ಮನೆಯಲ್ಲಿ ಮಾಡಿದ ಪದಾರ್ಥಗಳಿಗೆ ಮಾರಾಟವನ್ನು ಒದಗಿಸಲು ಹೊರಟ ಈಕೆ, ಕ್ರಮೇಣ ಇಡೀ ದೇಶದ ಕಸಬುದಾರರನ್ನು ಒಟ್ಟುಗೂಡಿಸಿದರು. ಸಂಗ್ರಹಾಲಯದ ಬೀಜವು ಹೀಗೆ ಬಡವರ ಅನ್ನದ ಚಿಂತೆಯಲ್ಲಿ ಬಿದ್ದುದು.

ನಾವು ನೋಡಿದ ಪ್ರದರ್ಶನವು 1945ರಿಂದ 1969ರವರೆಗಿನ ಅಮೆರಿಕದ ಕೈಕಸಬು ಮತ್ತು ವಿನ್ಯಾಸಗಳಿಗೆ ಸಂಬಂಧಿಸಿದುದು. ಎರಡನೆಯ ಮಹಾಯುದ್ಧವು ಮುಗಿದು ಲಕ್ಷಾಂತರ ಸೈನಿಕರು ಮನೆಗೆ ಮರಳಿದ ಕಾಲವದು. 1944ರ ಶಾಸನವೊಂದರಿಂದ ಅವರ ವಿದ್ಯಾಭ್ಯಾಸದ ವೆಚ್ಚವನ್ನು ಸರ್ಕಾರವೇ ವಹಿಸಿಕೊಂಡಿತು. ನೇಯ್ಗೆ, ಮರಗೆಲಸ, ಕುಂಬಾರಿಕೆಗಳು ಕಾಲೇಜುಗಳಲ್ಲಿ ಕಲಿಸುವ ವಿದ್ಯೆಗಳಾದುವು. ಪೀಟರ್ ವೂಲ್ಕೋಸ್ ಎಂಬಾತನು ಯುದ್ಧದಿಂದ ಹಿಂದಿರುಗಿ, ಈ ನೆರವಿನಿಂದಲೇ ಓದುತ್ತ ಮಣ್ಣಿನ ಕೆಲಸವನ್ನು ಹಿಡಿದು, ಆ ದೇಶದ ಕುಂಬಾರಿಕೆಯ ಗತಿಯನ್ನೇ ತಿರುಗಿಸಿದನು.

ಯಂತ್ರಕ್ಕೂ ಕೈಗೂ ಅಲ್ಲಿ ಹಗೆತನವಿರಲಿಲ್ಲವೆಂಬುದಕ್ಕೆ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ದಂಪತಿಗಳೇ ಸಾಕ್ಷಿ. ಯುದ್ಧಕಾಲದಲ್ಲಿ ಇವರು ಪ್ಲೈವುಡ್ಡನ್ನು ಬಿಸಿ ಮತ್ತು ಒತ್ತಡಗಳಿಂದ ಬಾಗಿಸಿ, ಗಾಯಗೊಂಡ ನಾವಿಕರ ಕಾಲಿಗೆ ಕಟ್ಟುವ ದಬ್ಬೆಗಳನ್ನು ರೂಪಿಸಿದರು. ಇಂತಹ ದಬ್ಬೆಗಳು ಸುಮಾರು 150,000 ತಯಾರಾದುವಂತೆ. ಯುದ್ಧವು ಮುಗಿದೊಡನೆ ಅದೇ ಜ್ಞಾನದಿಂದ ಕುರ್ಚಿಗಳು ಹುಟ್ಟಿದುವು. ಮುರಿದ ಕಾಲಿಗೆ ಆಸರೆಯಾದ ಹಲಗೆಯು ದಣಿದ ಬೆನ್ನಿಗೂ ಆಸರೆಯಾಯಿತು.

ಆದರೆ ನಮ್ಮನ್ನು ಬಹುಕಾಲ ನಿಲ್ಲಿಸಿದ ಹೆಸರುಗಳು ಬೇರೆ ಎರಡು. ಮೊದಲನೆಯದು ಜಾರ್ಜ್ ನಕಾಶಿಮಾ. ಅಮೆರಿಕದಲ್ಲಿಯೇ 1905ರಲ್ಲಿ ಜಪಾನೀ ತಂದೆತಾಯಿಗಳಿಗೆ ಹುಟ್ಟಿದ ಈತನು ವಾಸ್ತುಶಿಲ್ಪವನ್ನು ಓದಿ, 1930ರ ದಶಕದ ಕೊನೆಯಲ್ಲಿ ನಮ್ಮ ಪುದುಚೇರಿಗೆ ಬಂದು, ಅರವಿಂದಾಶ್ರಮದ ಗೋಲ್ಕೊಂಡ ಎಂಬ ಕಟ್ಟಡದ ಕೆಲಸವನ್ನು ನೋಡಿಕೊಂಡನು. ಅಲ್ಲಿ ಆತನಿಗೆ ದೊರೆತ ಹೆಸರು ಸುಂದರಾನಂದ. ಎರಡನೆಯವಳು ರೂತ್ ಅಸಾವಾ. ಕ್ಯಾಲಿಫೋರ್ನಿಯಾದ ಜಪಾನೀ ಒಕ್ಕಲಿಗರ ಮಗಳು.

1942ರಲ್ಲಿ ಅಮೆರಿಕದ ಸರ್ಕಾರವು ಪಶ್ಚಿಮ ತೀರದ ಜಪಾನೀ ಮೂಲದ ಸುಮಾರು 120,000 ಜನರನ್ನು, ಅವರಲ್ಲಿ ಬಹುಮಂದಿ ಆ ದೇಶದ ಪ್ರಜೆಗಳೇ ಆಗಿದ್ದರೂ, ಮನೆಮಠಗಳಿಂದ ಎಬ್ಬಿಸಿ ಶಿಬಿರಗಳಿಗೆ ಸಾಗಿಸಿತು. ನಕಾಶಿಮಾ ತನ್ನ ಹೆಂಡತಿಯನ್ನೂ ಎಳೆಯ ಮಗಳನ್ನೂ ಕರೆದುಕೊಂಡು ಐಡಹೋ ಪ್ರಾಂತದ ಶಿಬಿರವನ್ನು ಸೇರಬೇಕಾಯಿತು. ಹದಿನಾರರ ಹುಡುಗಿ ಅಸಾವಾಳಾದರೋ ಮೊದಲು ಕುದುರೆಯ ಲಾಯದಲ್ಲಿ ದಿನ ಕಳೆದು, ಅನಂತರ ದೂರದ ಆರ್ಕನ್ಸಾಕ್ಕೆ ಹೋದಳು. ಅವಳ ತಂದೆಯನ್ನು ಅದಕ್ಕೆ ಮೊದಲೇ ಬಂಧಿಸಿ ಒಯ್ದಿದ್ದರು.

ಇಂತಹ ಅನ್ಯಾಯವು ಮನುಷ್ಯನ ಕೈಯನ್ನು ಕಟ್ಟಿಹಾಕಬೇಕಾಗಿತ್ತು. ನಡೆದುದೇ ಬೇರೆ. ಶಿಬಿರದಲ್ಲಿದ್ದ ಗೆಂಟಾರೋ ಹಿಕೋಗಾವಾ ಎಂಬ ನುರಿತ ಬಡಗಿಯಿಂದ ನಕಾಶಿಮಾ ಜಪಾನೀ ಕಸಬಿನ ಒಳಗುಟ್ಟುಗಳನ್ನು ಕಲಿತನು. 1943ರಲ್ಲಿ ಬಿಡುಗಡೆಯಾಗಿ ಪೆನ್ಸಿಲ್ವೇನಿಯಾದ ನ್ಯೂ ಹೋಪ್ ಎಂಬಲ್ಲಿ ನೆಲಸಿ, 1990ರಲ್ಲಿ ತೀರಿಕೊಳ್ಳುವವರೆಗೂ ಮೇಜು ಕುರ್ಚಿಗಳನ್ನು ಮಾಡುತ್ತಿದ್ದನು. ಮರದ ಹಲಗೆಯ ಅಂಚನ್ನು ಈತನು ಅನೇಕ ವೇಳೆ ನೇರವಾಗಿ ಕೊಯ್ಯದೆ ಬೆಳೆದಂತೆಯೇ ಬಿಡುವನು. ಹಲಗೆಯಲ್ಲಿ ಸೀಳು ಇದ್ದರೆ ಅದನ್ನು ಮುಚ್ಚುವುದಿಲ್ಲ. ಚಿಟ್ಟೆಯಾಕಾರದ ಮರದ ಬೆಣೆಯನ್ನು ಅಡ್ಡಲಾಗಿ ಕೂರಿಸಿ ಬಂಧಿಸುವನು. ಸೀಳೂ ಕಾಣುತ್ತದೆ, ಬೆಸುಗೆಯೂ ಕಾಣುತ್ತದೆ.

ಅಸಾವಾ 1947ರಲ್ಲಿ ಮೆಕ್ಸಿಕೋ ದೇಶದ ತೊಲೂಕಾ ಎಂಬ ಊರಿನಲ್ಲಿ, ಮೊಟ್ಟೆಗಳನ್ನಿಡಲು ಅಲ್ಲಿನವರು ತಂತಿಯಿಂದ ಹೆಣೆಯುವ ಬುಟ್ಟಿಗಳನ್ನು ಕಂಡು ಆ ಹೆಣಿಗೆಯನ್ನು ಕಲಿತಳು. ನಮ್ಮ ಹೆಂಗಸರು ಕೊಕ್ಕೆಸೂಜಿಯಿಂದ ಲೇಸು ಹಾಕುವಂತೆ ಈಕೆ ತಂತಿಯನ್ನು ಸುತ್ತಿ ಸುತ್ತಿ, ಒಂದರೊಳಗೊಂದು ತೂಗುವ ಸೋರೆಬುರುಡೆಯಂತಹ ಆಕೃತಿಗಳನ್ನು ನಿರ್ಮಿಸಿದಳು. ಒಳಗಿನ ಆಕೃತಿ ಹೊರಗಿನಿಂದ ಕಾಣುವುದು. ನೆರಳೂ ಗೋಡೆಯ ಮೇಲೆ ನೇಯ್ದಂತೆ ಬೀಳುವುದು. ಆರು ಮಕ್ಕಳ ತಾಯಿಯಾದ ಈಕೆಯ ಕೆಲಸವೆಲ್ಲ ಮನೆಯೊಳಗೆ, ಮಕ್ಕಳ ನಡುವೆಯೇ ನಡೆಯಿತು. ಗೃಹಿಣಿಯ ಹವ್ಯಾಸವೆಂದು ಕೆಲವು ವಿಮರ್ಶಕರು ಬಹುಕಾಲ ಅದನ್ನು ಹಗುರವಾಗಿ ಕಂಡರು. ಈಗ ದೊಡ್ಡ ಸಂಗ್ರಹಾಲಯಗಳೇ ಅದನ್ನು ಗೌರವದಿಂದ ತೂಗುಹಾಕಿವೆ.

ಮನೆಯನ್ನು ಕಳೆದುಕೊಂಡಿದ್ದ ಇಬ್ಬರು, ಮನೆಯಿಂದ ಹೊರಹಾಕಿದವರ ದೇಶಕ್ಕೇ ಮನೆಯನ್ನು ಬೆಳಗುವ ವಸ್ತುಗಳನ್ನು ಕೊಟ್ಟರು. 1988ರಲ್ಲಿ ಆ ಸರ್ಕಾರವು ಕ್ಷಮೆ ಬೇಡಿ, ಬದುಕಿ ಉಳಿದವರಿಗೆ ತಲಾ 20,000 ಡಾಲರುಗಳನ್ನು ಕೊಡುವಂತೆ ಶಾಸನ ಮಾಡಿತು. ಋಣವು ಅದರಿಂದ ತೀರಿತೆನ್ನಲು ನಮಗೆ ಬಾಯಿ ಬರಲಿಲ್ಲ.

ಹೊರಗೆ ಬಂದಾಗ ಇನ್ನೊಂದು ಸಂಗತಿ ನೆನಪಿಗೆ ಬಂದಿತು. ಇದೇ ನಗರದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ 1964ರಲ್ಲಿ ಪ್ರಪಂಚದ ಕಸಬುದಾರರ ಸಭೆ ಸೇರಿ ವಿಶ್ವ ಕರಕುಶಲ ಪರಿಷತ್ತು ಹುಟ್ಟಿದಾಗ, ಶ್ರೀಮತಿ ವೆಬ್ ಅವರೊಡನೆ ಅದಕ್ಕೆ ಅಸ್ತಿಭಾರ ಹಾಕಿದವರು 1903ರಲ್ಲಿ ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು. ಈಮ್ಸ್ ದಂಪತಿಗಳೂ 1958ರಲ್ಲಿ ಭಾರತ ಸರ್ಕಾರಕ್ಕೆ ಒಪ್ಪಿಸಿದ ವರದಿಯಲ್ಲಿ, ತಾವು ಇಲ್ಲಿ ಕಂಡ ವಸ್ತುಗಳಲ್ಲೆಲ್ಲ ನಮ್ಮ ಬಚ್ಚಲಿನ ತಂಬಿಗೆಯನ್ನೇ ವಿಶೇಷವಾಗಿ ಕೊಂಡಾಡಿದ್ದರು.

ಊರಿಗೆ ಮರಳಿದ ಮೇಲೆ ನಾವು ಅಟ್ಟದಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಹಿತ್ತಾಳೆಯ ತಂಬಿಗೆಯನ್ನು ಇಳಿಸಿ, ಹುಣಿಸೆಹಣ್ಣು ಹಚ್ಚಿ ಬೆಳಗಿದೆವು. ಕತ್ತಿನ ಇಳುಕಲು ಬೆರಳಿಗೆ ಎಷ್ಟು ಹೊಂದಿಕೆಯಾಗಿದೆಯೆಂಬುದನ್ನು ಅಂದು ಮೊದಲ ಬಾರಿ ಗಮನಿಸಿದೆವು. ಅದನ್ನು ಬಡಿದ ಕಂಚುಗಾರನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದು. ಬಾಗಿಲಿಗೆ ಮೊರ ಬುಟ್ಟಿಗಳನ್ನು ಹೊತ್ತು ಬರುವ ಹೆಂಗಸಿನ ಹೆಸರನ್ನಾದರೂ ಕೇಳಿ ತಿಳಿಯಬೇಕೆಂದೂ, ಅವಳೊಡನೆ ಬೆಲೆಗಾಗಿ ಚೌಕಾಸಿ ಮಾಡಬಾರದೆಂದೂ ನಾವು ಅಂದೇ ನಿಶ್ಚಯಿಸಿಕೊಂಡೆವು.